ತಾರಸಿಗೆ ಯಾವ ಕುರ್ಚಿ?

ಪ್ರಶ್ನೆ: ತಾರಸಿಯ ಬೆತ್ತದ ಕುರ್ಚಿಗಳಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಅಂಗಡಿಯವರು ‘ಹೊರಾಂಗಣದ ಬೆತ್ತ’ ಎಂದು ಬೇರೆಯದನ್ನು ತೋರಿಸುತ್ತಾರೆ. ನಂಬಬಹುದೇ?
— ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ನಂಬಿ, ಆದರೆ ಕುರ್ಚಿಯನ್ನು ತಲೆಕೆಳಗು ಮಾಡಿ ನೋಡದೆ ದುಡ್ಡು ಬಿಚ್ಚಬೇಡಿ. ಅದು ಸಾಮಾನ್ಯವಾಗಿ ಬೆತ್ತವೇ ಅಲ್ಲ, ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆ. ಮಳೆಗೆ ಜಗ್ಗುವುದಿಲ್ಲ, ಅದರ ವೈರಿ ಬಿಸಿಲು. ಅತಿನೇರಳೆ ಕಿರಣ ತಡೆಯುವ ರಾಸಾಯನಿಕ ಬೆರೆಸದ ಎಳೆ ಬಣ್ಣಗೆಟ್ಟು, ಕ್ರಮೇಣ ಬಾಗಿಸಿದರೆ ಚಟ್ಟನೆ ಮುರಿಯುವಷ್ಟು ಪೆಡಸಾಗುತ್ತದೆ. ಚೌಕಟ್ಟಿಗೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಕಬ್ಬಿಣ, ಬಣ್ಣ ಎದ್ದ ಕಡೆಯೆಲ್ಲ ತುಕ್ಕು. ಅಂಟದಿದ್ದರೆ ಬಹುಮಟ್ಟಿಗೆ ಅಲ್ಯೂಮಿನಿಯಂ. ಪೌಡರ್ ಕೋಟಿಂಗ್ (ಬಣ್ಣದ ಪುಡಿಯನ್ನು ಕಾಯಿಸಿ ಹಿಡಿಸಿದ ಲೇಪ) ಇದ್ದರೆ ಕಣ್ಣುಮುಚ್ಚಿ ಕೊಳ್ಳಿ. ಹಗುರವಾದ್ದರಿಂದ ಮೇ ತಿಂಗಳ ಗಾಳಿಮಳೆಗೆ ಪಕ್ಕದ ಮನೆ ಸೇರದಂತೆ ಕಟ್ಟಿಡಿ! ನನ್ನ ಆಯ್ಕೆ ಸಾಗುವಾನಿ. ಎಣ್ಣೆ ಹಚ್ಚದಿದ್ದರೂ ಬೂದುಬಣ್ಣಕ್ಕೆ ತಿರುಗುತ್ತದೆಯೇ ಹೊರತು ಸುಲಭಕ್ಕೆ ಕೊಳೆಯುವುದಿಲ್ಲ. ಬೆಲೆ ಮಾತ್ರ ಕೇಳಬೇಡಿ. ದಿಂಬಿನ ಗವಸಿಗೆ ಹತ್ತಿ ಬೇಡ, ಅಕ್ರಿಲಿಕ್ ಬಟ್ಟೆ ಇರಲಿ.