ಮಗ್ಗುಲು ಬದಲಿಸಿದರೆ ತಲೆಸುತ್ತು, ಕಣ್ಣೇಕೆ ಕುಣಿಯಿತು?

ಪ್ರಶ್ನೆ: ನನಗೆ 56 ವರ್ಷ. ಶಂಕರಪುರದಲ್ಲಿ ಮಲ್ಲಿಗೆ ಕೃಷಿ. ಮಲಗಿದಲ್ಲಿ ಬಲಕ್ಕೆ ಹೊರಳಿದರೆ ಮಾಡು ಗಿರ್ರನೆ ತಿರುಗುತ್ತದೆ, ಸ್ವಲ್ಪ ಹೊತ್ತಲ್ಲಿ ನಿಲ್ಲುತ್ತದೆ. ಬಿಪಿ, ಶುಗರ್ ಸರಿ ಇದೆ. ಡಾಕ್ಟರು ನನ್ನ ತಲೆಯನ್ನು ಬಲಕ್ಕೆ ತಿರುಗಿಸಿ, ತಟ್ಟನೆ ಮಲಗಿಸಿ ಕಣ್ಣನ್ನೇ ನೋಡಿದರು. ‘ಕಿವಿಯ ತೊಂದರೆ, ಬುಧವಾರ ಬನ್ನಿ, ಸರಿ ಮಾಡುವ’ ಎಂದರು. ಮಗ ಮೊಬೈಲಿನಲ್ಲಿ ತೆಗೆದ ವಿಡಿಯೊದಲ್ಲಿ ನನ್ನ ಕಣ್ಣುಗುಡ್ಡೆ ಕುಣಿಯುತ್ತಿತ್ತು. ಕಣ್ಣಿನ ಡಾಕ್ಟರಿಗೆ ತೋರಿಸಬೇಕಾ?
– ಓದುಗರು, ಉಡುಪಿ ಜಿಲ್ಲೆ

ಉತ್ತರ: ಬೇಡ ಅಮ್ಮ. ನೀವು ಬರೆದದ್ದು ನೋಡಿದರೆ ತೊಂದರೆ ಕಣ್ಣಿನದ್ದಲ್ಲ. ಸ್ಕ್ಯಾನ್ ಬರೆಯುವ ಮೊದಲು ಹೀಗೆ ಮಲಗಿಸಿ ನೋಡುವ ಡಾಕ್ಟರು ಸಿಕ್ಕಿದ್ದು ಒಳ್ಳೆಯದಾಯಿತು.

ಒಳಕಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳಿವೆ. ಅವು ಕಳಚಿ ಪಕ್ಕದ ಮೂರು ನಾಳಗಳಲ್ಲಿ ಒಂದಕ್ಕೆ ಇಳಿದರೆ, ನೀವು ಹೊರಳಿದಾಗ ಅಲ್ಲಿನ ದ್ರವವನ್ನು ಎಳೆಯುತ್ತವೆ. ತಲೆ ಅಲುಗಾಡುವುದು ನಿಂತಿದ್ದರೂ ಕಿವಿ ‘ಇನ್ನೂ ತಿರುಗುತ್ತಿದೆ’ ಎಂದು ಮಿದುಳಿಗೆ ಹೇಳುತ್ತದೆ. ಆ ಸುದ್ದಿ ಕಣ್ಣಿನ ಸ್ನಾಯುಗಳಿಗೂ ಮುಟ್ಟುತ್ತದೆ. ಕಣ್ಣು ಮೆಲ್ಲಗೆ ಜಾರಿ, ತಟ್ಟನೆ ವಾಪಸ್ ಜಿಗಿಯುತ್ತದೆ. ನಾವು ನಿಸ್ಟಾಗ್ಮಸ್ ಎನ್ನುವುದು ಇದನ್ನೇ.

ಆ ವಿಡಿಯೊವನ್ನು ಇನ್ನೊಮ್ಮೆ ಗಮನಿಸಿ. ಮಲಗಿಸಿದ ಕೂಡಲೇ ಕಣ್ಣು ಸುಮ್ಮನಿದ್ದು, ಕೆಲವು ಸೆಕೆಂಡು ಬಿಟ್ಟು ಶುರುವಾಯಿತಾ? ಗುಡ್ಡೆ ಹಣೆಯ ಕಡೆಗೆ ಜಿಗಿಯುತ್ತಾ, ಅದರ ಮೇಲ್ಭಾಗ ಕೆಳಗಿರುವ ಬಲಕಿವಿಯತ್ತ ತಿರುಚಿಕೊಂಡಿತಾ? ಒಂದು ನಿಮಿಷದೊಳಗೆ ಅಡಗಿತಾ? ಹೌದಾದರೆ ಹರಳು ಬಲಕಿವಿಯ ಹಿಂದಿನ ನಾಳದಲ್ಲಿದೆ. ಜಾಸ್ತಿ ಜನರಲ್ಲಿ ಅದು ಸಿಗುವುದೂ ಅಲ್ಲೇ. ಎಬ್ಬಿಸಿ ಕೂರಿಸಿದಾಗ ಜಿಗಿತ ಉಲ್ಟಾ ಆಗುತ್ತದೆ. 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ವೈದ್ಯರು ವಿವರಿಸಿದ ಪರೀಕ್ಷೆ ಇದು. ಇಷ್ಟೊಂದು ವಿಷಯ ಬರೀ ಕಣ್ಣು ನೋಡಿ ತಿಳಿಯುತ್ತದೆ, ಅಲ್ವಾ?

ಕಣ್ಣು ಅಡ್ಡಕ್ಕೆ ಜಿಗಿದರೆ ನಾಳ ಬೇರೆ, ಚಿಕಿತ್ಸೆಯೂ ಬೇರೆ. ಹಾಗಾಗಿ ಯೂಟ್ಯೂಬ್ ನೋಡಿ ನೀವೇ ತಲೆ ತಿರುಗಿಸಿಕೊಳ್ಳಬೇಡಿ. ಬುಧವಾರ ಬಹುಶಃ ಎಪ್ಲಿ ಕ್ರಮ ಮಾಡಿಸುತ್ತಾರೆ. ತಲೆಯನ್ನು ಹಂತ ಹಂತವಾಗಿ ತಿರುಗಿಸಿ ಹರಳನ್ನು ನಾಳದಿಂದ ಹೊರಗೆ ಉರುಳಿಸುವುದು. ತಲೆಸುತ್ತಿನ ಮಾತ್ರೆಯನ್ನು ಕೇಳದೆ ನುಂಗಬೇಡಿ. ಕೆಲವು ಮಾತ್ರೆಗಳು ಕಣ್ಣಿನ ಜಿಗಿತವನ್ನು ಅಡಗಿಸುತ್ತವೆ, ಹರಳು ಇದ್ದಲ್ಲೇ ಇರುತ್ತದೆ. ಅಲ್ಲಿಯವರೆಗೆ ಬಗ್ಗಿ ಮೊಗ್ಗು ಕೊಯ್ಯುವ ಕೆಲಸ ಮಗನಿಗಿರಲಿ.

ಒಂದು ಎಚ್ಚರ. ಕಣ್ಣು ಕೆಳಮುಖವಾಗಿ ಜಿಗಿಯುತ್ತಿದ್ದರೆ, ಕೂತಲ್ಲೂ ಜಿಗಿತ ನಿಲ್ಲದಿದ್ದರೆ, ವಸ್ತುಗಳು ಎರಡೆರಡಾಗಿ ಕಂಡರೆ, ಮಾತು ತೊದಲಿದರೆ, ನಡೆಯಲು ಆಗದಿದ್ದರೆ ತೊಂದರೆ ಮಿದುಳಿನದ್ದಿರಬಹುದು. ಆಗ ಬುಧವಾರದವರೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ.