ಪೂಜೆ ತಪ್ಪಿತು ಅಂತ ಅಳುವ ತಾಯಂದಿರಿಗೆ

ಹೆರಿಗೆಯಾದ ಮೇಲೆ ಪೂಜೆ, ಧ್ಯಾನ ಎಲ್ಲ ತಪ್ಪಿಹೋಯಿತು, ದೇವರಿಂದ ದೂರವಾದೆ ಅಂತ ಸಂಕಟಪಡುವ ತಾಯಂದಿರು ನನ್ನ ಹತ್ತಿರ ಆಪ್ತಸಲಹೆಗೆ ಮತ್ತೆ ಮತ್ತೆ ಬರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಅಂಥವರಲ್ಲಿ ಒಬ್ಬರು ದಾವಣಗೆರೆ ಕಡೆಯವರು. ಬಾಣಂತನ ಮುಗಿಸಿ ಬೆಂಗಳೂರಿಗೆ ಬಂದಿದ್ದರು. ಚಿಕ್ಕಂದಿನಿಂದ ದಿನಾ ಇಷ್ಟಲಿಂಗ ಪೂಜೆ ಮಾಡಿದವರು. ಈಗ ವಿಭೂತಿ ಹಚ್ಚಿಕೊಂಡು ಕೂತರೆ ಸಾಕು, ಮಗು ಅಳುತ್ತದೆ. ಅದರ ಮೇಲೆ ಸಿಟ್ಟು, ಸಿಟ್ಟು ಬಂತಲ್ಲ ಅಂತ ಅಳು.

ಮೊದಲ ದಿನ ನಾನು ದೇವರ ಮಾತೇ ಎತ್ತಲಿಲ್ಲ. ನಿದ್ದೆ, ಊಟ, ಬದುಕೇ ಬೇಡ ಅನ್ನಿಸುತ್ತಾ ಅಂತೆಲ್ಲ ಕೇಳಿದೆ. ಬಾಣಂತಿಯರ ಖಿನ್ನತೆ ಗುರುತಿಸಲು ಎಡಿನ್‌ಬರೋ ಪ್ರಶ್ನಾವಳಿ ಅಂತ ಇದೆ, ಹತ್ತೇ ಪ್ರಶ್ನೆ, ಅದನ್ನೂ ತುಂಬಿಸಿದೆ. ಖಿನ್ನತೆ ಕಾಣಲಿಲ್ಲ, ದಣಿವು ಮಾತ್ರ ವಿಪರೀತ ಇತ್ತು.

ಎರಡನೇ ಸಲ ಬಂದಾಗ, ಪೂಜೆಯಲ್ಲಿ ಏನೇನು ಮಾಡ್ತಿದ್ರಿ, ಒಂದೊಂದೇ ಹೇಳಿ ಅಂದೆ.

"ಎಡಗೈಯಲ್ಲಿ ಲಿಂಗ ಇಟ್ಕೊಂಡು ಅದನ್ನೇ ನೋಡ್ತಾ ಕೂರೋದು ಮೇಡಂ."

"ಮಗುಗೆ ಹಾಲು ಕುಡಿಸುವಾಗ?"

"ಫೋನ್ ನೋಡ್ತೀನಿ." ಸ್ವಲ್ಪ ತಡೆದು ಅವರೇ ಹೇಳಿದರು: "ಅದರ ತಲೆನೂ ಎಡಗೈ ಮೇಲೇ ಇರುತ್ತೆ. ಅದು ನನ್ನನ್ನೇ ನೋಡ್ತಿರುತ್ತೆ ಮೇಡಂ, ನಾನು ನೋಡಲ್ಲ."

ಆಗ ನಾನು ಆಯ್ದಕ್ಕಿ ಮಾರಯ್ಯನನ್ನು ನೆನಪಿಸಿದೆ. ಕಾಯಕದಲ್ಲಿ ಮುಳುಗಿದಾಗ ಲಿಂಗಪೂಜೆಯನ್ನೂ ಮರೆಯಬೇಕು ಅಂತ 12ನೇ ಶತಮಾನದಲ್ಲೇ ಹೇಳಿದ ಶರಣ ಅವನು. ದಿನಕ್ಕೆ ಒಂದು ಸಲದ ಹಾಲು ಮಾತ್ರ ಫೋನ್ ಬದಿಗಿಟ್ಟು, ಮಗುವನ್ನೇ ನೋಡುತ್ತಾ ಕುಡಿಸಿ, ಅದನ್ನೇ ಆ ಹೊತ್ತಿನ ಪೂಜೆ ಅಂತ ಒಪ್ಪಿಕೊಳ್ಳಿ ಅಂದೆ. ಒಂದೇ ಸಲ ಸಾಕು. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಕುಡಿಸುವಾಗ ಭಕ್ತಿ ಬರಲಿಲ್ಲ ಅಂತ ಕೊರಗುವುದು ಬೇಡವೇ ಬೇಡ.

ಆಪ್ತಸಲಹೆಯಲ್ಲಿ ಧರ್ಮದ ಮಾತು ಯಾಕೆ ಅಂತ ಕೆಲವರು ಕೇಳಬಹುದು. ನಂಬಿಕೆಯ ಮಾತು ತಂದವರು ಅವರು, ನಾನು ಅದೇ ಮಾತಲ್ಲಿ ಉತ್ತರಿಸಿದೆ, ಅಷ್ಟೇ. ಆದರೆ ತಾಯ್ತನ ದೈವಿಕ ಅಂತ ಹೊಗಳಿ ಎಲ್ಲ ಕೆಲಸವನ್ನೂ ಹೆಂಗಸಿನ ತಲೆಗೆ ಕಟ್ಟುವುದನ್ನು ನಾನು ಒಪ್ಪಲ್ಲ. ಮಗು ನೋಡಿಕೊಳ್ಳುವುದು ಕಾಯಕ ಅಂದಮೇಲೆ ಅಪ್ಪನಿಗೂ ಅದು ಕಾಯಕವೇ ಅಲ್ವಾ? ಹಾಗಾಗಿ ಗಂಡನನ್ನೂ ಕರೆಸಿದೆ. ಬೆಳಗ್ಗೆ ಅರ್ಧ ಗಂಟೆ ಮಗು ಅವರ ಜವಾಬ್ದಾರಿ. ಆ ಹೊತ್ತಲ್ಲಿ ಆಕೆ ಪೂಜೆ ಮಾಡಲಿ, ಸುಮ್ನೆ ಮಲಗಲಿ, ಅದು ಆಕೆಯ ಇಷ್ಟ.

ಮಗು ಮಲಗಿದಾಗಲೂ ನಿಮಗೆ ನಿದ್ದೆ ಬಾರದಿದ್ದರೆ, ಯಾವುದೂ ಬೇಡ ಅನ್ನಿಸುತ್ತಿದ್ದರೆ ಮಾತ್ರ ಈ ಸಲಹೆ ಸಾಲದು. ವೈದ್ಯರನ್ನು ನೋಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.