ಅಪ್ಪನ ಕುಡಿತದ ಬಗ್ಗೆ ಬರೆದರೆ ಸೀಟು ಸಿಗುತ್ತಾ?

ಪ್ರಶ್ನೆ: ದಾವಣಗೆರೆಯವಳು, ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದೇನೆ. ಹೋದ ವರ್ಷ ಅಪ್ಪನ ಕುಡಿತದಿಂದ ನಮ್ಮ ಕಿರಾಣಿ ಅಂಗಡಿ ಮುಚ್ಚುವ ಹಂತಕ್ಕೆ ಬಂದಿತ್ತು. ಸಂಜೆ ನಾನೇ ಕೂರುತ್ತಿದ್ದೆ, ಉದ್ರಿ ಪುಸ್ತಕ ಹಿಡಿದು ಬಾಕಿ ಕೇಳಲು ಮನೆಮನೆಗೆ ಹೋಗುತ್ತಿದ್ದೆ. ಪ್ರಥಮ ಪಿಯುಸಿಯಲ್ಲಿ ಅಂಕ ಕುಸಿಯಿತು. ಚಿಕಿತ್ಸೆಯಾಗಿ ಎಂಟು ತಿಂಗಳಿಂದ ಅಪ್ಪ ಮುಟ್ಟಿಲ್ಲ. ‘ಅರ್ಜಿ ಜೊತೆಗಿನ ಪ್ರಬಂಧದಲ್ಲಿ ಇದನ್ನೇ ಬರಿ, ಇಂಥ ಕಥೆಗೇ ಸೀಟು ಸಿಗೋದು’ ಅಂತಾರೆ ಕನ್ಸಲ್ಟೆಂಟ್. ‘ಮನೆ ಮಾತು ಹೊರಗೆ ಯಾಕೆ ಹಾಕ್ತಿ’ ಅಂತ ಅಮ್ಮ ಅಳ್ತಾರೆ. ಏನು ಮಾಡಲಿ ಮೇಡಂ?

ಉತ್ತರ: ಕನ್ಸಲ್ಟೆಂಟ್ ಮಾತನ್ನು ಸದ್ಯ ಪಕ್ಕಕ್ಕಿಡು ಮಗಳೇ. ಅರ್ಜಿ ಓದುವವರು ಈ ಹುಡುಗಿ ಹೇಗೆ ಯೋಚಿಸುತ್ತಾಳೆ, ಇಲ್ಲಿಗೆ ಬಂದರೆ ಹೇಗಿರುತ್ತಾಳೆ ಅಂತ ನೋಡುತ್ತಾರೆ. ಅಪ್ಪ ಎಷ್ಟು ಕುಡಿಯುತ್ತಿದ್ದರು ಅಂತ ಬರೆದರೆ ಅದು ತಿಳಿಯುವುದಿಲ್ಲ.

ಅಂಕ ಕುಸಿದ ಕಾರಣವನ್ನು ಮಾತ್ರ ಹೇಳಲೇಬೇಕು. ಒಂಬತ್ತನೇ ತರಗತಿಯಿಂದಲೂ ಅಂಕ ಕೇಳುತ್ತಾರೆ, ಆ ಇಳಿತ ಕಣ್ಣಿಗೆ ಬಿದ್ದೇ ಬೀಳುತ್ತದೆ. ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಅದಕ್ಕೆಂದೇ ಬೇರೆ ಜಾಗವಿದೆ; ಎದುರಿಸಿದ ಕಷ್ಟಗಳ ಬಗ್ಗೆ 250 ಪದಗಳೊಳಗೆ, ಇಷ್ಟವಿದ್ದವರು ಬರೆಯಬಹುದು. ‘ಆ ವರ್ಷ ಮನೆಯಲ್ಲಿ ಗಂಭೀರ ಕಾಯಿಲೆಯಿತ್ತು, ಸಂಜೆ ಅಂಗಡಿ ನಾನೇ ನೋಡಿಕೊಳ್ಳಬೇಕಾಯಿತು, ಈಗ ಚಿಕಿತ್ಸೆ ನಡೆದಿದೆ.’ ಇಷ್ಟು ಸಾಕು. ಕುಡಿತದ ಚಟವನ್ನು ವೈದ್ಯರು ಕಾಯಿಲೆ ಅಂತಲೇ ಕಾಣುತ್ತಾರೆ, ಹಾಗಾಗಿ ನೀನು ಏನನ್ನೂ ಮುಚ್ಚಿಟ್ಟಂತೆ ಆಗುವುದಿಲ್ಲ. ಪ್ರಿನ್ಸಿಪಾಲರ ಶಿಫಾರಸು ಪತ್ರದಲ್ಲೂ ಇದನ್ನು ಒಂದು ಸಾಲು ಬರೆಸು. ಹಣದ ನೆರವು ಕೇಳುತ್ತಿದ್ದು, ಕಾಲೇಜು ಸಿಎಸ್‌ಎಸ್ ಪ್ರೊಫೈಲ್ (ಮನೆಯ ಹಣಕಾಸಿನ ವಿವರ ತುಂಬುವ ಅರ್ಜಿ) ಬೇಡಿದರೆ, ಅಂಗಡಿಯ ನಷ್ಟವನ್ನು ಅಲ್ಲಿ ವಿಶೇಷ ಪರಿಸ್ಥಿತಿ ಅಂತ ವಿವರಿಸು.

ಆಗ 650 ಪದಗಳ ಮುಖ್ಯ ಪ್ರಬಂಧ ಪೂರ್ತಿ ನಿನಗೆ ಉಳಿಯುತ್ತದೆ. ನಿನ್ನ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಉದ್ರಿ ಪುಸ್ತಕದ ಸಾಲನ್ನು. ನೀನು ಅದನ್ನು ದಾಟಿ ಮುಂದೆ ಹೋಗಿಬಿಟ್ಟಿದ್ದೀಯ. ಅಲ್ಲೇ ನಿಲ್ಲು. ಬೈದು ಕಳಿಸಿದವರು ಯಾರು, ಕರೆದು ಕೂರಿಸಿ ಅರ್ಧ ಕೊಟ್ಟವರು ಯಾರು? ಅಪ್ಪನ ವಯಸ್ಸಿನವರ ಹತ್ತಿರ ದುಡ್ಡು ಕೇಳಲು ಮೊದಲ ಸಲ ಬಾಯಿ ತೆರೆದಾಗ ಏನೆಂದೆ? ಯಾರ ಬಾಕಿಯನ್ನು ನೀನಾಗಿಯೇ ಹೊಡೆದುಹಾಕಿದೆ, ಯಾಕೆ? ಇದನ್ನು ನಿನ್ನ ಬದಲು ಯಾರೂ ಬರೆಯಲಾರರು. ಅಪ್ಪ ಇಲ್ಲಿ ಬರಬೇಕಾದರೆ ‘ಅಪ್ಪನಿಗೆ ಹುಷಾರಿರಲಿಲ್ಲ’ ಅನ್ನುವ ಒಂದು ವಾಕ್ಯ ಸಾಕು.

ಅದಕ್ಕಿಂತ ಹೆಚ್ಚು ಬರೆಯಬೇಕು ಅಂತ ನಿನಗೇ ಅನ್ನಿಸುತ್ತಿದ್ದರೆ, ಅಪ್ಪನನ್ನು ಕೇಳು. ಅಮ್ಮನ ಮೂಲಕ ಬೇಡ, ನೀನೇ ಕೇಳು. ಕುಡಿತ ಬಿಟ್ಟ ಮೊದಲ ವರ್ಷ ನಾಚಿಕೆ ಇನ್ನೂ ಹಸಿಯಾಗಿರುತ್ತದೆ. ಮಗಳು ತನಗೆ ಗೊತ್ತಿಲ್ಲದೆ ಬರೆದಳು ಅಂತ ಆಮೇಲೆ ತಿಳಿದರೆ ಅವರಿಗೆ ಬಹಳ ನೋವಾಗುತ್ತದೆ. ಬೇಡ ಅಂದರೆ ಬಿಟ್ಟುಬಿಡು. ಒಪ್ಪಿದರೂ ‘ಈಗ ಎಲ್ಲ ಸರಿಹೋಯಿತು’ ಅಂತ ಮುಗಿಸಬೇಡ. ಈ ಕಾಯಿಲೆ ಮರುಕಳಿಸುವುದುಂಟು. ಅಕಸ್ಮಾತ್ ಹಾಗಾದರೆ, ನಿನ್ನ ಪ್ರಬಂಧ ಸುಳ್ಳಾಯಿತು ಅನ್ನುವ ಭಾರವೂ ನಿನ್ನ ಮೇಲೆ ಬೀಳಬಾರದು.

ಅಮ್ಮನ ಹೆದರಿಕೆಯನ್ನು ಹಳೇ ಕಾಲದ್ದು ಅಂತ ತಳ್ಳಿಹಾಕಬೇಡ. ಅದೇ ಊರಲ್ಲಿ, ಅದೇ ಗಿರಾಕಿಗಳ ನಡುವೆ ದಿನ ಕಳೆಯಬೇಕಾದವರು ಅವರು. ಪ್ರಬಂಧ ಅಮೆರಿಕಕ್ಕೆ ಹೋಗುವ ಮೊದಲು ಕನ್ಸಲ್ಟೆಂಟ್ ಆಫೀಸಿನಲ್ಲಿ ಎಷ್ಟು ಜನರ ಕೈಗೆ ಸಿಗುತ್ತದೋ! ಮುಂದಿನ ವರ್ಷದ ಮಕ್ಕಳಿಗೆ ಮಾದರಿ ಅಂತ ತೋರಿಸಕೂಡದು ಅಂತ ಈಗಲೇ ಇಮೇಲ್‌ನಲ್ಲಿ ಬರೆದು ಕಳಿಸು, ಅವರು ಒಪ್ಪಿದ್ದನ್ನೂ ಬರವಣಿಗೆಯಲ್ಲೇ ಪಡೆ. ಪ್ರಬಂಧ ಮುಗಿದ ಮೇಲೆ ಅಮ್ಮನಿಗೆ ಕನ್ನಡದಲ್ಲಿ ಹೇಳು, ಒಂದು ಸಾಲೂ ಬಿಡದೆ.

ಇನ್ನೊಂದು ವಿಷಯ, ಅರ್ಜಿಗೆ ಸಂಬಂಧವಿಲ್ಲದ್ದು. ಆ ಇಡೀ ವರ್ಷ ನೀನು ಯಾರ ಹತ್ತಿರವೂ ಹೇಳಿಕೊಂಡಂತೆ ಕಾಣಲಿಲ್ಲ. ಮೊದಲ ಸಲ ಹೇಳಿಕೊಳ್ಳುವುದು ಅಡ್ಮಿಷನ್ ಆಫೀಸರ್ ಮುಂದೆ ಆಗಬೇಕಿಲ್ಲ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮನಸ್, 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಪ್ರಬಂಧಕ್ಕೆ ಕೂರುವ ಮೊದಲೇ ಮಾಡು.